ಕಣ್ಣಿಗೆ ಬೀಳದ ಟ್ಯಾಂಕನ್ನು ನಂಬಬೇಡಿ

ಗಾಳಿಯಿಂದ ಓಡುವ ಹಾಯಿದೋಣಿಗೆ ಡೀಸೆಲ್ ಯಾಕೆ ಎಂದು ಕೇಳುವವರು ಅದು ಬಂದರಿನೊಳಗೆ ಬಂದು ನಿಲ್ಲುವ ಹೊತ್ತನ್ನು ನೋಡಬೇಕು. ಎರಡೂ ಬದಿಯಲ್ಲಿ ಒತ್ತೊತ್ತಾಗಿ ಕಟ್ಟಿದ ದೋಣಿಗಳು, ನಡುವೆ ತಿರುಗಿಸಲು ಅಷ್ಟಕ್ಕಷ್ಟೇ ಜಾಗ, ಕೆಳಗೆ ಇಳಿತದ ಸೆಳೆತ, ಮೇಲೆ ಅಡ್ಡಗಾಳಿ. ಅಂಥಲ್ಲಿ ಹಾಯಿಯನ್ನೇ ನೆಚ್ಚಿ ದೋಣಿ ತರುವ ಕೈಚಳಕ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಇಪ್ಪತ್ತೈದು ಅಡಿ ದಾಟಿದ ಹೆಚ್ಚಿನ ಹಾಯಿದೋಣಿಗಳ ಹೊಟ್ಟೆಯಲ್ಲಿ ಒಂದು ಪುಟ್ಟ ಇಂಜಿನ್, ಅದರ ಹಿಂದೆ ಎಲ್ಲೋ ಕತ್ತಲಲ್ಲಿ ಒಂದು ಇಂಧನದ ಟ್ಯಾಂಕ್ ಇರುತ್ತದೆ. ಇಂಜಿನ್ ವರ್ಷದಲ್ಲಿ ಓಡುವುದು ಕೆಲವೇ ಗಂಟೆ. ಆದರೆ ಓಡಲೇಬೇಕಾದ ಹತ್ತು ನಿಮಿಷದಲ್ಲಿ ಅದು ಕೆಮ್ಮಿ ನಿಂತರೆ ದೋಣಿ ಬಂಡೆಯ ಪಾಲು. ಹಾಗೆ ನಿಂತ ಇಂಜಿನ್ನನ್ನು ನೋಡಲು ಬಂದ ಮೆಕ್ಯಾನಿಕ್ ಅನೇಕ ಸಲ ಬೆರಳು ತೋರಿಸುವುದು ಟ್ಯಾಂಕಿನ ಕಡೆಗೆ.

ಈ ಟ್ಯಾಂಕುಗಳಿಗೆ ಈಗ ಮುಪ್ಪು ಬಂದಿದೆ. ಅಮೆರಿಕದ ರೋಡ್ ಐಲೆಂಡಿನಲ್ಲಿ ದೋಣಿ ಕಟ್ಟುತ್ತಿದ್ದ ಪಿಯರ್ಸನ್ ಸೋದರಸಂಬಂಧಿಗಳು ಕಾರ್ಲ್ ಆಲ್ಬರ್ಗ್ ವಿನ್ಯಾಸ ಮಾಡಿದ 28 ಅಡಿಯ ‘ಟ್ರೈಟನ್’ ದೋಣಿಯನ್ನು 1959ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನಕ್ಕೆ ತಂದರು. ಅಲ್ಲಿಂದ ಮುಂದೆ ಮರದ ಬದಲು ಫೈಬರ್‌ಗ್ಲಾಸಿನ ಹಾಯಿದೋಣಿಗಳು ಮಧ್ಯಮವರ್ಗದ ಕೈಗೆ ಎಟುಕುವಂತೆ ಸಾಲುಸಾಲಾಗಿ ತಯಾರಾದವು. ಟ್ರೈಟನ್ನುಗಳೇ ಏಳುನೂರಕ್ಕೂ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ‘ಕ್ಯಾಟಲೀನಾ 30’ ಎಪ್ಪತ್ತರ ದಶಕದ ನಡುವಿನಿಂದ ಆರು ಸಾವಿರಕ್ಕೂ ಮೀರಿ ನೀರಿಗಿಳಿಯಿತು. ಆ ಕಾಲದ ದೋಣಿಗಳಲ್ಲಿ ಬಹಳಷ್ಟಕ್ಕೆ ವಿಸ್ಕಾನ್ಸಿನ್‌ನ ಆಶ್ಕಾಷ್ ಊರಿನ ಯೂನಿವರ್ಸಲ್ ಕಂಪನಿಯ ‘ಅಟಾಮಿಕ್ ಫೋರ್’ ಎಂಬ ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. 1947ರಿಂದ ಎಂಬತ್ತರ ದಶಕದ ನಡುವಿನವರೆಗೆ ಅದರ ನಲವತ್ತು ಸಾವಿರದಷ್ಟು ಇಂಜಿನ್ನುಗಳು ತಯಾರಾದವು. ಫೈಬರ್‌ಗ್ಲಾಸಿಗೆ ಮರದ ಹಾಗೆ ಗೆದ್ದಲು ಹಿಡಿಯುವುದಿಲ್ಲ, ಲಡ್ಡಾಗುವುದಿಲ್ಲ. ಹಾಗಾಗಿ ಐವತ್ತು ವರ್ಷದ ದೋಣಿ ಇಂದಿಗೂ ಸುಸ್ಥಿತಿಯಲ್ಲಿ ತೇಲುತ್ತಿದೆ. ಕಡಿಮೆ ಬೆಲೆಗೆ ಕೈಬದಲಾಗುತ್ತಿದೆ. ಕೊಂಡವರು ಹಳೆಯ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸುತ್ತಾರೆ. ಆಗ ಏಳುವ ಪ್ರಶ್ನೆ ಇದು: ಇಂಜಿನ್ ಹೊಸದು ಬಂತು, ಟ್ಯಾಂಕ್ ಹಳೆಯದೇ ಸಾಕೇ?

ಪ್ರಶ್ನೆ ಇಷ್ಟು ಕಾಡಲು ಕಾರಣ ಟ್ಯಾಂಕ್ ಇರುವ ಜಾಗ. ಕಾರ್ಖಾನೆಯಲ್ಲಿ ದೋಣಿಯ ಕೆಳಗಿನ ಚಿಪ್ಪನ್ನು ಮೊದಲು ಎರಕ ತೆಗೆದು, ಅದು ತೆರೆದಿರುವಾಗಲೇ ಇಂಜಿನ್, ಟ್ಯಾಂಕ್, ಪೈಪುಗಳನ್ನೆಲ್ಲ ಒಳಗಿಟ್ಟು, ಕೊನೆಗೆ ಮೇಲಿನ ಡೆಕ್ಕನ್ನು ಮುಚ್ಚಳದಂತೆ ಇಳಿಸಿ ಬಿಗಿದುಬಿಡುತ್ತಿದ್ದರು. ಕಟ್ಟುವವರಿಗೆ ಇದಕ್ಕಿಂತ ಸುಲಭದ ಕ್ರಮವಿಲ್ಲ. ಆದರೆ ಎಷ್ಟೋ ದೋಣಿಗಳಲ್ಲಿ ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್ಟಿನ ಅಡಿಯಲ್ಲಿ ಕುಳಿತ ಟ್ಯಾಂಕ್, ಒಳಗಿರುವ ಯಾವ ಬಾಗಿಲಿಗಿಂತಲೂ ದೊಡ್ಡದು. ಅದು ಒಳಗೆ ಹೋದದ್ದು ಮೇಲಿನಿಂದ. ಈಗ ಮೇಲಿನ ದಾರಿ ಮುಚ್ಚಿದೆ. ಕೆಲವು ತಯಾರಕರು ಟ್ಯಾಂಕ್ ಅಲುಗದಿರಲೆಂದು ಸುತ್ತಲೂ ಫೋಮ್ ಸುರಿದು ಗಟ್ಟಿಯಾಗಿಸಿದ್ದೂ ಉಂಟು. ಹೊರತೆಗೆಯಬೇಕೆಂದರೆ ಇಂಜಿನ್ ಸರಿಸಬೇಕು, ಇಲ್ಲವೇ ಕಾಕ್‌ಪಿಟ್ಟಿನ ನೆಲವನ್ನೇ ಕೊಯ್ಯಬೇಕು. ಟ್ಯಾಂಕಿನ ಬೆಲೆಗಿಂತ ತೆಗೆಯುವ ಕೂಲಿ ಹೆಚ್ಚು. ಮಾಲೀಕ ‘ಇದ್ದದ್ದು ಇರಲಿ’ ಎನ್ನುವುದು ಜಿಪುಣತನದಿಂದಲ್ಲ.

ತೀರ್ಮಾನಕ್ಕೆ ಮುಂಚೆ ಟ್ಯಾಂಕ್ ಯಾಕೆ ಕೆಡುತ್ತದೆ ಎಂದು ತಿಳಿಯಬೇಕು. ಡೀಸೆಲ್ ತಾನಾಗಿ ಲೋಹವನ್ನು ತಿನ್ನುವುದಿಲ್ಲ, ಅದು ಎಣ್ಣೆ. ಟ್ಯಾಂಕನ್ನು ಕೊಲ್ಲುವುದು ನೀರು. ಡೆಕ್ಕಿನ ಮೇಲೆ ಇಂಧನ ತುಂಬುವ ಬಾಯಿ ಇರುತ್ತದೆ. ಅದರ ಮುಚ್ಚಳಕ್ಕೆ ಒಂದು ರಬ್ಬರ್ ಉಂಗುರ. ಬಿಸಿಲಿಗೆ ಆ ಉಂಗುರ ಒಣಗಿ ಬಿರುಕುಬಿಟ್ಟರೆ ಪ್ರತಿ ಮಳೆಗೂ, ಪ್ರತಿ ತೆರೆಗೂ ನಾಲ್ಕು ಹನಿ ಒಳಗಿಳಿಯುತ್ತದೆ. ಟ್ಯಾಂಕ್ ಉಸಿರಾಡುವ ಗಾಳಿಕೊಳವೆ ದೋಣಿಯ ಮಗ್ಗುಲಲ್ಲಿ ತೆರೆದುಕೊಂಡಿದ್ದರೆ, ದೋಣಿ ಒಂದು ಬದಿಗೆ ವಾಲಿ ಓಡುವಾಗ ಅಲ್ಲಿಂದಲೂ ಸಮುದ್ರ ನುಗ್ಗುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ತಂಪು ರಾತ್ರಿಯಲ್ಲಿ ಇಬ್ಬನಿ ಕಟ್ಟುವುದೂ ಇದೆ, ಆದರೆ ಅದು ಚಿಲ್ಲರೆ ಲೆಕ್ಕ. ಸಗಟು ನೀರು ಬರುವುದು ಮೇಲಿನ ಬಾಯಿಂದ. ನೀರು ಡೀಸೆಲ್‌ಗಿಂತ ಭಾರ, ನೇರ ತಳಕ್ಕಿಳಿಯುತ್ತದೆ. ಇಂಜಿನ್‌ಗೆ ಎಣ್ಣೆ ಹೀರುವ ಕೊಳವೆಯ ತುದಿ ಕಸ ಎಳೆಯದಿರಲೆಂದು ತಳದಿಂದ ತುಸು ಮೇಲಿರುತ್ತದೆ. ಆ ತುಸು ಜಾಗದ ನೀರನ್ನು ಯಾರೂ ತೆಗೆಯುವುದಿಲ್ಲ. ಅದು ಹತ್ತಾರು ವರ್ಷ ಅಲ್ಲೇ ಕೂರುತ್ತದೆ.

ಕೂತ ನೀರು ಒಂಟಿಯಾಗಿ ಇರುವುದಿಲ್ಲ. ಎಣ್ಣೆಯೂ ನೀರೂ ಸಂಧಿಸುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಸ್ಟುಗಳು ಸಂಸಾರ ಹೂಡುತ್ತವೆ. ಅವಕ್ಕೆ ಕುಡಿಯಲು ಕೆಳಗಿನ ನೀರು, ಉಣ್ಣಲು ಮೇಲಿನ ಡೀಸೆಲ್. ‘ಹಾರ್ಮೊಕೋನಿಸ್ ರೆಸಿನೇ’ ಎಂಬ ಬೂಸ್ಟು ಈ ಕುಲದಲ್ಲಿ ಕುಖ್ಯಾತ. ಜೆಟ್ ವಿಮಾನಗಳ ಮೊದಲ ದಶಕಗಳಲ್ಲಿ ರೆಕ್ಕೆಯೊಳಗಿನ ಅಲ್ಯೂಮಿನಿಯಂ ಟ್ಯಾಂಕುಗಳನ್ನು ಸವೆಸಿ ಇಂಜಿನಿಯರುಗಳ ನಿದ್ದೆ ಕೆಡಿಸಿದ್ದು ಇದೇ. ವಿಮಾನದ ಇಂಧನವೂ ಸೀಮೆಎಣ್ಣೆಯ ಬಳಗದ್ದೇ ತಾನೆ. ದೋಣಿಯ ಟ್ಯಾಂಕಿನಲ್ಲಿ ಈ ಜೀವಿಗಳು ಕಪ್ಪು ಕಂದು ಲೋಳೆಯಾಗಿ ಹರಡುತ್ತವೆ, ಆಮ್ಲ ಉಗುಳುತ್ತವೆ, ಸತ್ತ ಮೇಲೆ ಮಡ್ಡಿಯಾಗಿ ತಳ ಸೇರುತ್ತವೆ. ಆ ಆಮ್ಲ, ಆ ಉಪ್ಪುನೀರು ಸೇರಿ ತಗಡಿನಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುತ್ತವೆ, ಅದೂ ತಳದಲ್ಲೇ.

ತೂತಾಗುವ ಮುಂಚೆಯೇ ಮಡ್ಡಿ ತನ್ನ ಕೆಲಸ ತೋರಿಸುತ್ತದೆ. ದೋಣಿ ಕಟ್ಟೆಯಲ್ಲಿ ನಿಂತಿರುವಾಗ ಎಲ್ಲವೂ ತಣ್ಣಗೆ ತಳದಲ್ಲಿರುತ್ತದೆ. ಇಂಜಿನ್ ಶುರುಮಾಡಿದರೆ ಸೊಗಸಾಗಿ ಓಡುತ್ತದೆ, ಮಾಲೀಕ ನೆಮ್ಮದಿಯಿಂದ ಹೊರಡುತ್ತಾನೆ. ಹೊರಗೆ ಅಲೆ ಎದ್ದಾಗ ದೋಣಿ ಆ ಕಡೆ ಈ ಕಡೆ ಹೊಯ್ದಾಡಿ ವರ್ಷಗಟ್ಟಲೆಯ ಮಡ್ಡಿ ಕದಡುತ್ತದೆ. ಹೀರುಕೊಳವೆ ಅದನ್ನೇ ಎಳೆಯುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಇಂಜಿನ್ ಸೊರಗಿ ನಿಲ್ಲುತ್ತದೆ. ಅಲೆ ಹೆಚ್ಚಿದ್ದಕ್ಕೇ ಅವನು ಹಾಯಿ ಇಳಿಸಿ ಇಂಜಿನ್ ಹಾಕಿ ಅಳಿವೆಯ ಬಾಯಿಗೆ ಮರಳುತ್ತಿದ್ದ. ಇಂಜಿನ್ ಬೇಡದ ದಿನ ಓಡಿ ಬೇಕಾದ ದಿನ ನಿಲ್ಲುವುದು ದುರದೃಷ್ಟವಲ್ಲ. ಇಂಜಿನ್ ಬೇಕಾಗುವುದಕ್ಕೂ ಅದು ನಿಲ್ಲುವುದಕ್ಕೂ ಕಾರಣ ಒಂದೇ ಅಲೆ.

ಇದು ಒಳಗಿನ ಕತೆ. ಹೊರಗಿನಿಂದ ಬರುವ ಪೆಟ್ಟು ಇದಕ್ಕಿಂತ ಮೋಸದ್ದು, ವಿಶೇಷವಾಗಿ ಅಲ್ಯೂಮಿನಿಯಂ ಟ್ಯಾಂಕಿಗೆ. ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ತೆಳ್ಳನೆಯ ಆಕ್ಸೈಡ್ ಪೊರೆ ಕಟ್ಟುತ್ತದೆ. ಆ ಪೊರೆಯೇ ಅದರ ಕವಚ. ಗೀರು ಬಿದ್ದರೂ ಗಾಳಿ ಸಿಕ್ಕಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಒದ್ದೆ ಫೋಮ್, ಒದ್ದೆ ಹಲಗೆ, ಒದ್ದೆ ಕಾರ್ಪೆಟ್ ಚೂರು ಅದಕ್ಕೆ ಅಂಟಿಕೊಂಡು ಕೂತರೆ ಗಾಳಿ ತಾಗುವುದಿಲ್ಲ, ಪೊರೆ ಕಟ್ಟುವುದಿಲ್ಲ, ಉಪ್ಪುನೀರು ಮಾತ್ರ ಸದಾ ತಾಗಿರುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಪ್ಪು ಹಾಕಿದ ಸಾರನ್ನು ದಿನಗಟ್ಟಲೆ ಮರೆತುಬಿಟ್ಟರೆ ತಳದಲ್ಲಿ ಬಿಳಿಚುಕ್ಕೆ ಎದ್ದು ಗುಳಿ ಬೀಳುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಇಲ್ಲೂ ಬಿಳಿಯ ಪುಡಿ, ಅದರಡಿ ಗುಳಿ, ಗುಳಿಯ ಕೊನೆಗೆ ತೂತು. ತಗಡಿನ ನೂರರಲ್ಲಿ ತೊಂಬತ್ತೈದು ಪಾಲು ಹೊಸದರಂತೆ ಫಳಫಳ ಹೊಳೆಯುತ್ತಿರುತ್ತದೆ. ಟ್ಯಾಂಕನ್ನು ಬಿಗಿದ ಪಟ್ಟಿಯಡಿಯ ಎರಡು ಬೆರಳಗಲದಲ್ಲಿ ಅದು ಸತ್ತಿರುತ್ತದೆ. ಅಲ್ಯೂಮಿನಿಯಂ ಟ್ಯಾಂಕಿಗೆ ಹಿತ್ತಾಳೆ ಅಥವಾ ಕಂಚಿನ ಫಿಟ್ಟಿಂಗನ್ನು ನೇರ ತಿರುಪಿದರೂ ಇದೇ ಗತಿ. ಎರಡು ಲೋಹ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿ, ಸವೆಯುವುದು ಅಲ್ಯೂಮಿನಿಯಂ. ನಡುವೆ ಸ್ಟೇನ್‌ಲೆಸ್ ಸ್ಟೀಲಿನ ತುಂಡು ಕೊಡುವುದು ಇದಕ್ಕೇ.

ಉಳಿದ ಲೋಹಗಳ ಸ್ವಭಾವವೂ ಬೇರೆ ಬೇರೆ. ಸಾದಾ ಉಕ್ಕಿನ ಟ್ಯಾಂಕ್ ಡೀಸೆಲ್‌ಗೆ ಒಳ್ಳೆಯ ಜೋಡಿ; ಒಳಗೆ ಎಣ್ಣೆಯೇ ತುಕ್ಕು ತಡೆಯುತ್ತದೆ, ಹೊರಗೆ ಬಣ್ಣ ಕೆಡದಂತೆ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ತುಂಬುವ ಬಾಯಿಯ ಸುತ್ತ ಸೋರಿದ ನೀರು ಟ್ಯಾಂಕಿನ ತಲೆಯ ಮೇಲೆ ನಿಂತು ತುಕ್ಕು ಹಿಡಿಸುವುದೇ ಅದರ ಸಾಮಾನ್ಯ ಕಾಯಿಲೆ. ಸ್ಟೇನ್‌ಲೆಸ್ ಹೆಸರಿಗೆ ಕಲೆರಹಿತ. ಬೆಸುಗೆಯ ಸಂದಿಯಲ್ಲಿ ಗಾಳಿಯಾಡದ ಉಪ್ಪುನೀರು ನಿಂತರೆ ಹೊಳಪು ಮಾಸದೆಯೇ ಬಿರಿಯುತ್ತದೆ. ಅರವತ್ತರ ದಶಕದ ಕೆಲವು ದೋಣಿಗಳಲ್ಲಿ ಮೋನೆಲ್ ಎಂಬ ನಿಕಲ್-ತಾಮ್ರದ ಮಿಶ್ರಲೋಹದ ಪೆಟ್ರೋಲ್ ಟ್ಯಾಂಕುಗಳಿದ್ದವು. ಬಾಳಿಕೆಯಲ್ಲಿ ಅವಕ್ಕೆ ಸಾಟಿಯಿಲ್ಲ, ಆದರೆ ತಾಮ್ರವಿರುವ ಕಾರಣಕ್ಕೆ ಡೀಸೆಲ್‌ಗೆ ಬಳಸಲು ಬಲ್ಲವರು ಹಿಂಜರಿಯುತ್ತಾರೆ.

ಈಗ ಮೂಲ ಪ್ರಶ್ನೆಗೆ ಬರಬಹುದು. ಹಳೆಯ ಟ್ಯಾಂಕ್ ಉಳಿಸಿಕೊಳ್ಳಬೇಕೇ ಎಂಬುದಕ್ಕೆ ಅದರ ವಯಸ್ಸು ಉತ್ತರ ಹೇಳುವುದಿಲ್ಲ. ಒಣಗಿದ ಜಾಗದಲ್ಲಿ ಕೂತ ಐವತ್ತು ವರ್ಷದ ಟ್ಯಾಂಕ್ ಗಟ್ಟಿಯಾಗಿರಬಹುದು, ಒದ್ದೆ ಫೋಮಿನಲ್ಲಿ ಹೂತ ಹತ್ತು ವರ್ಷದ್ದು ಸೋರುತ್ತಿರಬಹುದು. ಉತ್ತರ ಹೇಳಬಲ್ಲದ್ದು ಕಣ್ಣು ಮಾತ್ರ. ಆರೂ ಮುಖ ಹೊರಗಿನಿಂದ, ತಳ ಒಳಗಿನಿಂದ ಕಾಣುವಂತಿದ್ದರೆ ಹಳೆಯ ಟ್ಯಾಂಕಿನ ಬಗ್ಗೆ ಮಾತಾಡಬಹುದು. ಕಾಣದಿದ್ದರೆ ಅದು ಹೇಗಿದೆ ಎಂಬುದು ಬರೀ ಊಹೆ. ಊಹೆಯ ಮೇಲೆ ಹೊಸ ಇಂಜಿನ್ ಕೂರಿಸುವುದು ಹಳೆಯ ಅಡಿಪಾಯ ಅಗೆದು ನೋಡದೆ ಮಹಡಿ ಎತ್ತುವ ಕೆಲಸ.

ಪರೀಕ್ಷೆ ಹೀಗೆ. ಮೊದಲು ಮೂಗು: ಮುಚ್ಚಿಟ್ಟ ದೋಣಿಯ ಬಾಗಿಲು ತೆರೆದಾಗ ಡೀಸೆಲ್ ವಾಸನೆ ರಾಚಿದರೆ ಎಲ್ಲೋ ಸೋರಿಕೆಯಿದೆ. ತಳದ ಗುಂಡಿಯಲ್ಲಿ, ಅಂದರೆ ಬಿಲ್ಜಿನಲ್ಲಿ, ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಂಡರೆ ಇನ್ನೊಂದು ಸುಳಿವು. ಅಲ್ಲಿರುವ ಸ್ವಯಂಚಾಲಿತ ಪಂಪ್ ಆ ಎಣ್ಣೆಯನ್ನು ಹೊರಗೆ ಚೆಲ್ಲಿದರೆ ಅಮೆರಿಕದ ಕಾನೂನಿನಲ್ಲಿ ಅದು ಅಪರಾಧವೂ ಹೌದು. ಸಂಶಯ ಪಡುವ ಮುಂಚೆ ಪೈಪಿನ ಜೋಡಣೆ, ತುಂಬುವ ಹೋಸು, ಮಾಪಕದ ಗ್ಯಾಸ್ಕೆಟ್ ನೋಡಬೇಕು; ಟ್ಯಾಂಕಿನ ತಲೆಗೆ ಬಂದ ಆಪಾದನೆ ಎಷ್ಟೋ ಸಲ ಒಂದು ಸಡಿಲ ಕ್ಲಿಪ್ಪಿನದ್ದಾಗಿರುತ್ತದೆ. ಪೂರ್ತಿ ತುಂಬಿಸಿದಾಗ ಮಾತ್ರ ಸೋರಿದರೆ ದೋಷ ಮೇಲ್ಭಾಗದಲ್ಲಿ, ಸದಾ ಜಿನುಗಿದರೆ ತಳದಲ್ಲಿ.

ಮುಂದಿನದು ಒಳಗೆ ನೋಡುವುದು. ಡೀಸೆಲ್ ಹೊರತೆಗೆಯಬೇಕು, ಟ್ಯಾಂಕಿನ ನೆತ್ತಿಯಲ್ಲಿ ಕೈ ತೂರುವಷ್ಟು ಅಗಲದ ಬಾಗಿಲು ಬೇಕು. ಇಲ್ಲದಿದ್ದರೆ ಕೊರೆಸಬೇಕು. ಒಳಗೆ ಎಣ್ಣೆ ತುಳುಕದಿರಲೆಂದು ಅಡ್ಡಗೋಡೆಗಳಿರುತ್ತವೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಎಣ್ಣೆ ಹರಿಯುತ್ತದೆ, ಕೈ ಹೋಗುವುದಿಲ್ಲ. ಆದ್ದರಿಂದ ಕೋಣೆಗೊಂದು ಬಾಗಿಲು. ‘ಡೀಸೆಲ್ ಪಾಲಿಶಿಂಗ್’ ಹೆಸರಿನಲ್ಲಿ ಪಂಪ್ ಹಚ್ಚಿ ಎಣ್ಣೆಯನ್ನು ಫಿಲ್ಟರಿನಲ್ಲಿ ಸುತ್ತಿಸುವ ಸೇವೆ ಸಿಗುತ್ತದೆ. ಎಣ್ಣೆ ತಿಳಿಯಾಗುತ್ತದೆ, ಮೂಲೆಯಲ್ಲಿ ಅಂಟಿದ ಮಡ್ಡಿ ಅಲ್ಲೇ ಇರುತ್ತದೆ. ಅದನ್ನು ಕೆರೆದೇ ತೆಗೆಯಬೇಕು. ತೆಗೆದ ಮೇಲೆ ಟಾರ್ಚು, ಸಣ್ಣ ಕನ್ನಡಿ ಹಿಡಿದು ತಳ ನೋಡಿದರೆ ಗುಳಿಗಳು ತಾವಾಗಿ ಕಾಣುತ್ತವೆ. ಮಾಪನಕ್ಕೆ ಕೋಲು ಇಳಿಸುವ ತೂತಿನ ನೇರ ಕೆಳಗೆ ತಪ್ಪದೆ ನೋಡಬೇಕು. ಕೋಲಿನ ತುದಿ ವರ್ಷಗಟ್ಟಲೆ ಕುಟ್ಟಿ ಅಲ್ಲಿ ತಗಡು ಸವೆದಿರುತ್ತದೆ.

ಕೊನೆಗೆ ಒತ್ತಡದ ಪರೀಕ್ಷೆ. ಹೊಸ ಟ್ಯಾಂಕುಗಳನ್ನು ಕನಿಷ್ಠ 3 ಪಿಎಸ್‌ಐ ಒತ್ತಡಕ್ಕೆ ಒಡ್ಡಿ ನೋಡುವುದು ಅಮೆರಿಕದ ಕ್ರಮ. ಕಾರಿನ ಟೈರಿಗೆ ಮೂವತ್ತರ ಮೇಲೆ ಹಾಕುತ್ತೇವೆ, ಮೂರು ಯಾವ ಲೆಕ್ಕ ಎಂದು ಕಂಪ್ರೆಸರ್ ಹಚ್ಚಿದವರು ಟ್ಯಾಂಕನ್ನು ಉಬ್ಬಿಸಿ ಹಾಳುಮಾಡಿದ್ದುಂಟು. ಲೆಕ್ಕ ಹಾಕಿ ನೋಡಿ: 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಒಂದು ಚಪ್ಪಟೆ ಮುಖದ ಮೇಲೆ 3 ಪಿಎಸ್‌ಐ ಎಂದರೆ ಸುಮಾರು 760 ಕಿಲೋ ಭಾರ. ಸೈಕಲ್ ಪಂಪು, ಸೂಕ್ಷ್ಮ ಮಾಪಕ, ಬೆಸುಗೆಯ ಗುಂಟ ಸೋಪಿನ ನೀರು ಸಾಕು. ಕೆಲವು ಗಂಟೆ ಮುಳ್ಳು ಅಲುಗದಿದ್ದರೆ ಟ್ಯಾಂಕ್ ಇಂದು ಸೋರುತ್ತಿಲ್ಲ ಎಂದಷ್ಟೇ ಅರ್ಥ. ನಾಳೆಯ ಜಾಮೀನು ಕೊಡುವುದು ತಳದ ದಪ್ಪ.

ಈ ಎಲ್ಲ ಮಾತು ಡೀಸೆಲ್ ಟ್ಯಾಂಕಿನದು. ಪೆಟ್ರೋಲ್ ಇದ್ದ ಟ್ಯಾಂಕಿನ ಜಾತಿಯೇ ಬೇರೆ. ಡೀಸೆಲ್ ಆವಿಗೆ ಬೆಂಕಿ ಹಿಡಿಯಲು ಎಣ್ಣೆ 50 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿ ನೂರಕ್ಕೆ ಸುಮಾರು ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಇದ್ದರೆ ಒಂದು ಕಿಡಿ ಸಾಕು. ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಕಿಟಕಿ ತೆರೆದರೂ ಹೋಗುವುದಿಲ್ಲ. ಅಟಾಮಿಕ್ ಫೋರ್ ಇದ್ದ ದೋಣಿಗಳಲ್ಲಿ ಇಂಜಿನ್ ಶುರುಮಾಡುವ ಮುಂಚೆ ಬ್ಲೋವರ್ ಹಾಕಿ ತಳದ ಗಾಳಿ ಹೊರಹಾಕುವ ರೂಢಿ ಇದಕ್ಕೇ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದು ಹಲವರಿಗೆ ಹೊಳೆಯುವುದಿಲ್ಲ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೊರಟ ಟಿಡಬ್ಲ್ಯುಎ 800 ವಿಮಾನ ಲಾಂಗ್ ಐಲೆಂಡಿನ ಕಡಲ ಮೇಲೆ ಸಿಡಿದು 230 ಜನ ಸತ್ತರು. ಬಹುತೇಕ ಖಾಲಿಯಿದ್ದ ನಡುಟ್ಯಾಂಕಿನಲ್ಲಿ ಕಾವೇರಿದ ಇಂಧನದ ಆವಿ ಹೊತ್ತಿಕೊಂಡದ್ದೇ ಕಾರಣವೆಂದು ತನಿಖೆ ಹೇಳಿತು. ಅಲ್ಲಿದ್ದದ್ದು ಪೆಟ್ರೋಲ್ ಅಲ್ಲ, ಡೀಸೆಲ್‌ಗೆ ಹತ್ತಿರದ ಎಣ್ಣೆ. ಹಾಗಾಗಿ ‘ಖಾಲಿ ಮಾಡಿದ್ದೇನೆ, ಒಂದು ಬೆಸುಗೆ ಹಾಕಿಕೊಡಿ’ ಎಂದು ಹಳೆಯ ಟ್ಯಾಂಕನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯುವುದಾಗಲಿ, ದೋಣಿಯೊಳಗೇ ಗ್ರೈಂಡರಿನಿಂದ ಕತ್ತರಿಸುವುದಾಗಲಿ ಕೂಡದು. ತೊಳೆದು, ಆವಿಯನ್ನು ಪೂರ್ತಿ ಹೊರಹಾಕಿ, ಅಳೆದು ಖಚಿತಪಡಿಸಿಕೊಳ್ಳಬಲ್ಲ ಅನುಭವಸ್ಥರ ಕೆಲಸ ಅದು.

ಪೆಟ್ರೋಲ್ ಟ್ಯಾಂಕ್ ಗಟ್ಟಿಯಾಗಿದೆ, ಶುದ್ಧವಾಗಿದೆ ಎಂದೇ ಇಟ್ಟುಕೊಳ್ಳೋಣ. ಅದಕ್ಕೆ ಡೀಸೆಲ್ ಹಾಕಬಹುದೇ? ಮೂರು ತೊಡಕುಗಳಿವೆ. ಮೊದಲನೆಯದು ಹಿಂದಿರುಗುವ ದಾರಿ. ಕಾರ್ಬ್ಯುರೇಟರಿನ ಪೆಟ್ರೋಲ್ ಇಂಜಿನ್ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಡೀಸೆಲ್ ಇಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಎಳೆದು, ಉಳಿದದ್ದನ್ನು ಬಿಸಿಯಾಗಿ ಟ್ಯಾಂಕಿಗೆ ವಾಪಸು ಕಳಿಸುತ್ತದೆ. ಆ ವಾಪಸು ಪೈಪಿಗೆ ಹಳೆಯ ಟ್ಯಾಂಕಿನಲ್ಲಿ ಬಾಯಿ ಇರುವುದಿಲ್ಲ. ಎರಡನೆಯದು ಲೋಹ. ಸತು ಬಳಿದ, ಅಂದರೆ ಗ್ಯಾಲ್ವನೈಸ್ ಮಾಡಿದ ತಗಡಿನಲ್ಲಿ ಡೀಸೆಲ್ ಇಟ್ಟರೆ ಸತುವಿನ ಜಿಡ್ಡು ಕರಗಿ ಫಿಲ್ಟರು, ಇಂಜೆಕ್ಟರುಗಳನ್ನು ಕಟ್ಟಿಹಾಕುತ್ತದೆ. ತಾಮ್ರ ಡೀಸೆಲನ್ನು ಬೇಗ ಹಳಸಿ ಗೋಂದಾಗಿಸುತ್ತದೆ. ಮೂರನೆಯದು ಫೈಬರ್‌ಗ್ಲಾಸ್. ದೋಣಿಯ ಮೈಯ ಭಾಗವಾಗಿಯೇ ಕಟ್ಟಿದ ಹಳೆಯ ಟ್ಯಾಂಕುಗಳ ರಾಳಕ್ಕೆ ಹೊಸ ಇಂಧನ ಒಗ್ಗದೇ ಹೋಗಬಹುದು. ಎರಡು ದಶಕದ ಹಿಂದೆ ನ್ಯೂಯಾರ್ಕ್ ಸುತ್ತಿನ ಪೆಟ್ರೋಲ್‌ಗೆ ಎಥನಾಲ್ ಬೆರೆಸಲು ಶುರುಮಾಡಿದಾಗ ಲಾಂಗ್ ಐಲೆಂಡ್ ಸೌಂಡಿನ ಹಳೆಯ ಮೋಟಾರು ದೋಣಿಗಳ ಫೈಬರ್‌ಗ್ಲಾಸ್ ಟ್ಯಾಂಕುಗಳ ಒಳಗೋಡೆ ಕರಗಿ, ಕಪ್ಪು ಅಂಟಾಗಿ ಇಂಜಿನ್ನಿನ ವಾಲ್ವುಗಳಿಗೆ ಹತ್ತಿತು. ದಶಕಗಳಿಂದ ಸೋರದ ಟ್ಯಾಂಕುಗಳವು; ಬದಲಾದದ್ದು ಇಂಧನ. ಮೊದಲನೆಯ ತೊಡಕಿಗೆ ನೆತ್ತಿಯ ಫಲಕ ಬದಲಿಸಿ ಪರಿಹಾರವುಂಟು. ಉಳಿದೆರಡಕ್ಕೆ ಇಲ್ಲ.

ಹೊಸದೂ ಬೇಡ, ಹಳೆಯದೂ ಸರಿಯಿಲ್ಲ ಎನ್ನುವವರಿಗೆ ಮಾರುಕಟ್ಟೆಯಲ್ಲಿ ನಡುದಾರಿಗಳಿವೆ. ಟ್ಯಾಂಕಿನೊಳಗೆ ಸುರಿದು ಕುಲುಕಿದರೆ ಪೊರೆ ಕಟ್ಟುವ ಲೇಪನ ಒಂದು. ಅದು ಹಿಡಿಯಲು ಒಳಗೋಡೆ ಜಿಡ್ಡಿಲ್ಲದೆ ಸ್ವಚ್ಛವಿರಬೇಕು, ಅಡ್ಡಗೋಡೆಗಳಿರುವ ಹಳೆಯ ಟ್ಯಾಂಕಿನಲ್ಲಿ ಅದು ಕನಸಿನ ಮಾತು. ಮುಂದೆ ಲೇಪನ ಹಪ್ಪಳೆಯಾಗಿ ಎದ್ದರೆ ಕಸವೇ ಹೆಚ್ಚಾಯಿತು. ಹೊರಗಿನಿಂದ ಎಪಾಕ್ಸಿ ತೇಪೆ ಊರಿಗೆ ಮರಳುವ ತನಕದ ಉಪಾಯ, ಅಷ್ಟೇ. ಇವೆರಡಕ್ಕಿಂತ ಮರ್ಯಾದೆಯ ದಾರಿ ಹಳೆಯದನ್ನು ಇದ್ದಲ್ಲೇ ಬಿಟ್ಟು, ಕೈಗೆಟಕುವ ಬೇರೆ ಜಾಗದಲ್ಲಿ ಚಿಕ್ಕ ಹೊಸ ಟ್ಯಾಂಕ್ ಕೂರಿಸುವುದು. ಹಾಗೆ ಮಾಡುವವರು ಹಳೆಯದನ್ನು ಖಾಲಿ ಮಾಡಿ ತೊಳೆಯುವುದರ ಜತೆ ಡೆಕ್ಕಿನ ಮೇಲಿನ ಅದರ ಬಾಯಿಯನ್ನು ಕಿತ್ತು ಶಾಶ್ವತವಾಗಿ ಮುಚ್ಚಬೇಕು. ಬಾಯಿ ಉಳಿದರೆ ಮುಂದೊಂದು ದಿನ ಡೀಸೆಲ್ ತುಂಬುವ ಹುಡುಗ ಅದಕ್ಕೇ ನಳಿಕೆ ಇಡುತ್ತಾನೆ. ಎಣ್ಣೆಯೆಲ್ಲ ದೋಣಿಯ ತಳಕ್ಕೆ.

ಹೊಸ ಟ್ಯಾಂಕಿಗೆ ಹೊರಟವರು ಮೊದಲು ಲೆಕ್ಕ ಹಾಕಲಿ. ಮೂವತ್ತು ಅಡಿ ದೋಣಿಯ ಸಣ್ಣ ಡೀಸೆಲ್ ಇಂಜಿನ್ ಹದವಾಗಿ ಓಡಿದರೆ ಗಂಟೆಗೆ ಎರಡು ಎರಡೂವರೆ ಲೀಟರ್ ಕುಡಿಯುತ್ತದೆ. 80 ಲೀಟರಿನಲ್ಲಿ ಮೂವತ್ತು ಗಂಟೆಗೂ ಹೆಚ್ಚು, ಗಂಟೆಗೆ 9 ಕಿ.ಮೀ. ಹಿಡಿದರೂ ಮುನ್ನೂರು ಕಿ.ಮೀ. ಹತ್ತಿರ ಹೋಗಬಹುದು. ವಾರಾಂತ್ಯಕ್ಕೆ ಕೊಲ್ಲಿ ಸುತ್ತುವವರಿಗೆ ಅದು ಒಂದು ಋತುವಿಗೆ ಸಾಕು. ಟ್ಯಾಂಕ್ ದೊಡ್ಡದಾದಷ್ಟೂ ಡೀಸೆಲ್ ಹಳಸುತ್ತ ಕೂರುತ್ತದೆ, ಒಳಗೆ ಸಾಗಿಸುವುದೂ ಕಷ್ಟ. 80 ಲೀಟರ್ ಡೀಸೆಲ್ ಸುಮಾರು 67 ಕಿಲೋ ತೂಗುತ್ತದೆ ಎಂಬುದನ್ನೂ ಮರೆಯಬಾರದು. ಆ ತೂಕ ದೋಣಿಯ ನಡುವಿಗೆ, ತಳಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು. ಅಳತೆಯನ್ನು ಕಾಗದದಲ್ಲಿ ಬರೆದು ಕೊಟ್ಟರೆ ಸಾಲದು. ರಟ್ಟಿನಿಂದ ಅದೇ ಗಾತ್ರದ ಡಬ್ಬಿ ಮಾಡಿ, ಮೆಟ್ಟಿಲ ಬಾಗಿಲಿನಿಂದ ಇಳಿಸಿ, ತಿರುವಿ, ಜಾಗದಲ್ಲಿ ಕೂರಿಸಿ, ಮತ್ತೆ ಹೊರತಂದು ನೋಡಬೇಕು. ಒಂದು ಟ್ಯಾಂಕ್ ಹೋಗದಲ್ಲಿ ಎರಡು ಚಿಕ್ಕವು ಹೋಗುತ್ತವೆ.

ವಸ್ತುವಿನ ಆಯ್ಕೆಯಲ್ಲಿ ಎರಡು ಮುಖ್ಯ ದಾರಿ. ಅಳತೆಗೆ ತಕ್ಕಂತೆ ಮಾಡಿಸುವುದಾದರೆ ಅಲ್ಯೂಮಿನಿಯಂ, ಅದರಲ್ಲೂ ಸಮುದ್ರಕ್ಕೆ ಒಗ್ಗುವ 5052, 5083, 5086 ಶ್ರೇಣಿ. ದೋಣಿಗಳಿಗೆ ಮಾನದಂಡ ಬರೆಯುವ ಅಮೆರಿಕನ್ ಬೋಟ್ ಆಂಡ್ ಯಾಟ್ ಕೌನ್ಸಿಲ್ ಕನಿಷ್ಠ 0.090 ಇಂಚು, ಅಂದರೆ 2.3 ಮಿ.ಮೀ. ದಪ್ಪ ಕೇಳುತ್ತದೆ, ಬಲ್ಲವರು ಇನ್ನೂ ದಪ್ಪ ಹಾಕಿಸುತ್ತಾರೆ. ಅದನ್ನು ಹಲಗೆಯ ಮೇಲೆ ನೇರ ಇಡದೆ, ನೀರು ಹೀರದ ಪ್ಲಾಸ್ಟಿಕ್ ಪಟ್ಟಿಗಳನ್ನು ಟ್ಯಾಂಕಿಗೆ ಸಂದಿಯಿಲ್ಲದಂತೆ ಅಂಟಿಸಿ, ಅದರ ಮೇಲೆ ಕೂರಿಸಬೇಕು. ಸುತ್ತ ಗಾಳಿಯಾಡಬೇಕು, ಮೇಲೆ ಬಿದ್ದ ನೀರು ಹರಿದುಹೋಗಬೇಕು. ಎರಡನೆಯದು ಪಾಲಿಎಥಿಲೀನ್ ಪ್ಲಾಸ್ಟಿಕ್. ತುಕ್ಕಿಲ್ಲ, ಅಗ್ಗ, ಮಾಸಲು ಬಿಳಿಯ ಗೋಡೆಯ ಮೂಲಕ ಎಣ್ಣೆಯ ಮಟ್ಟವೇ ಕಾಣುತ್ತದೆ. ಆದರೆ ಸಿದ್ಧ ಅಳತೆಗಳಲ್ಲಿ ಮಾತ್ರ ಸಿಗುತ್ತದೆ. ಮೊದಲ ಸಲ ಇಂಧನ ತುಂಬಿದ ಮೇಲೆ ನೂರಕ್ಕೆ ಎರಡರಷ್ಟು ಹಿಗ್ಗುವುದರಿಂದ ಸುತ್ತ ಜಾಗ ಬಿಡದೆ ಬಿಗಿದರೆ ಒತ್ತಿಕೊಳ್ಳುತ್ತದೆ.

ಟ್ಯಾಂಕಿಗೆ ದುಡ್ಡು ಸುರಿದು ಪೈಪಿನಲ್ಲಿ ಉಳಿತಾಯ ಮಾಡುವುದು ಬೇಡ. ಇಂಜಿನ್ ಕೋಣೆಯ ಇಂಧನದ ಹೋಸು ಬೆಂಕಿಯಲ್ಲಿ ಎರಡೂವರೆ ನಿಮಿಷ ತಡೆಯಬೇಕೆಂಬುದು ಅಮೆರಿಕದ ‘ಎ1’ ದರ್ಜೆಯ ಪರೀಕ್ಷೆ. ಅದರ ಗುರುತು ಹೋಸಿನ ಮೈಮೇಲೆಯೇ ಅಚ್ಚಾಗಿರುತ್ತದೆ. ಗಾಳಿಕೊಳವೆಯನ್ನು ಆದಷ್ಟು ಎತ್ತರಕ್ಕೆ ಒಯ್ದು ಒಂದು ಬಾಗು ಕೊಟ್ಟು ಇಳಿಸಿದರೆ ಸಮುದ್ರ ಒಳಬರುವುದಿಲ್ಲ. ಡೆಕ್ಕಿನ ಮುಚ್ಚಳದ ರಬ್ಬರ್ ಉಂಗುರಕ್ಕೆ ತಗಲುವ ಖರ್ಚು ಪುಡಿಗಾಸು, ಅದನ್ನು ವರ್ಷಕ್ಕೊಮ್ಮೆ ಬದಲಿಸಬಹುದು. ಇಂಜಿನ್ನಿಗೆ ಮುಂಚೆ ನೀರು ಬೇರ್ಪಡಿಸುವ ಪಾರದರ್ಶಕ ಬಟ್ಟಲಿನ ಫಿಲ್ಟರ್ ಇದ್ದರೆ ಕಾಯಿಲೆ ಶುರುವಿನಲ್ಲೇ ಕಣ್ಣಿಗೆ ಬೀಳುತ್ತದೆ.

ನಮ್ಮ ಕರಾವಳಿಯಲ್ಲಿ ಇಂಥ ಹಾಯಿದೋಣಿಗಳು ವಿರಳ. ಆದರೆ ಡೀಸೆಲಿನಲ್ಲಿ ನೀರು ಸೇರುವ ಪಾಡು ಮಲ್ಪೆ, ಗಂಗೊಳ್ಳಿ, ಮಂಗಳೂರು, ಕಾರವಾರದ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೂ ತಪ್ಪಿದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ದೋಣಿಗಳು ಸುರಿವ ಮಳೆಯಲ್ಲಿ ದಕ್ಕೆಯಲ್ಲಿ ನಿಲ್ಲುತ್ತವೆ. ಟ್ಯಾಂಕಿನೊಳಗೆ ನೀರು, ಮಡ್ಡಿ ಎಲ್ಲ ನಿಧಾನ ತಳ ಸೇರಲು ಅದಕ್ಕಿಂತ ಅನುಕೂಲದ ಕಾಲವಿಲ್ಲ. ಅದನ್ನು ತೆಗೆದುಹಾಕಲೂ ಅದೇ ಒಳ್ಳೆಯ ಕಾಲ. ಆಗಸ್ಟಿನ ಮೊದಲ ದಿನ ಅಳಿವೆ ದಾಟುವ ದೋಣಿಗೆ ಎದುರಾಗುವುದು ಮಳೆಗಾಲದ ಉಳಿದ ತೆರೆ. ಮಡ್ಡಿ ಕದಡಲು ಅಷ್ಟು ಸಾಕು.

ಒಟ್ಟು ಲೆಕ್ಕ ಇಷ್ಟು. ಡೀಸೆಲ್ ಇದ್ದ ಟ್ಯಾಂಕ್, ಸುತ್ತ ಒಣ ಜಾಗ, ಒಳಗೆ ಕೈಯಾಡಲು ಬಾಗಿಲು, ಗುಳಿಯಿಲ್ಲದ ತಳ, ಒತ್ತಡಕ್ಕೆ ಅಲುಗದ ಮುಳ್ಳು: ಇವಿದ್ದರೆ ವಯಸ್ಸು ನೋಡದೆ ಉಳಿಸಿಕೊಳ್ಳಿ. ಫೋಮಿನಲ್ಲಿ ಹೂತದ್ದು, ಸತು ಬಳಿದದ್ದು, ಪೆಟ್ರೋಲಿಗೆ ಕಟ್ಟಿದ ಹಳೆಯ ಫೈಬರ್‌ಗ್ಲಾಸಿನದು, ಒಮ್ಮೆ ಜಿನುಗಿ ತೇಪೆ ಕಂಡದ್ದು: ಇವುಗಳ ಮೇಲೆ ಮಮತೆ ಬೇಡ. ಬದಲಿಸಲು ಸರಿಯಾದ ಹೊತ್ತೆಂದರೆ ಇಂಜಿನ್ ಹೊರಗಿರುವ ವಾರ. ಆಗ ದಾರಿ ತೆರೆದಿರುತ್ತದೆ, ಅರ್ಧ ಕೂಲಿ ಆಗಲೇ ಕೊಟ್ಟಾಗಿರುತ್ತದೆ. ಎಪ್ಪತ್ತರ ದಶಕದಲ್ಲಿ ಡೆಕ್ ಇಳಿಸಿ ಬಿಗಿದವರು ಮುಂದೆ ಇದನ್ನು ಹೊರತೆಗೆಯುವುದು ಹೇಗೆಂದು ಯೋಚಿಸಲಿಲ್ಲ, ಅದರ ದಂಡವನ್ನು ಇಂದಿನ ಮಾಲೀಕ ತೆರುತ್ತಿದ್ದಾನೆ. ಹೊಸ ಟ್ಯಾಂಕಿನ ಅಳತೆ ಕೊಡಲು ಹೋದಾಗ ಎಷ್ಟು ಲೀಟರ್ ಎಂದು ಹೇಳುವ ಮುಂಚೆ, ಅದು ಯಾವ ಬಾಗಿಲಿನಿಂದ ಹೊರಬರುತ್ತದೆ ಎಂದು ಗುರುತು ಹಾಕಿಕೊಟ್ಟರೆ ಅವನ ಕೈಯಿಂದ ದೋಣಿ ಕೊಳ್ಳುವವನು ಈ ದಂಡ ತೆರಬೇಕಾಗಿಲ್ಲ.